ಬಿಲಿಯರ್ಡ್ಸ್ ಕೋಣೆಯಲ್ಲಿ ಹುಟ್ಟಿದ ಕಾರು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ನೈಋತ್ಯಕ್ಕೆ ಲಾಂಗ್‌ಬ್ರಿಡ್ಜ್ ಎಂಬ ಬಡಾವಣೆ. ಅದರಾಚೆಗೆ ಹಸುರು ಹೊದ್ದ ಲಿಕ್ಕಿ ಗುಡ್ಡಗಳು. ಕೆಳಗೆ, 1905ರಲ್ಲಿ ಹರ್ಬರ್ಟ್ ಆಸ್ಟಿನ್ನರು ಸ್ಥಾಪಿಸಿದ ಮೋಟಾರು ಕಾರ್ಖಾನೆಯಿದ್ದಿತು. ಮೇಲೆ, ಲಿಕ್ಕಿ ಗ್ರೇಂಜ್ ಎಂಬ ಅವರ ಮನೆ. ಆ ಕಾರ್ಖಾನೆಯನ್ನು ಉಳಿಸಿದ ಕಾರು ರೂಪುಗೊಂಡದ್ದು ಕಾರ್ಖಾನೆಯಲ್ಲಲ್ಲ, ಈ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ!

1921ರ ವೇಳೆಗೆ ಸಂಸ್ಥೆಯು ಸಾಲದಲ್ಲಿ ಮುಳುಗಿ, ಆಡಳಿತವು ರಿಸೀವರರ ಕೈಸೇರಿತ್ತು. ದೊಡ್ಡ ಕಾರುಗಳನ್ನು ಕೊಳ್ಳುವವರಿರಲಿಲ್ಲ. ಅದೇ ವರ್ಷ ಬಂದ ತೆರಿಗೆಯಂತೆ ಅಶ್ವಶಕ್ತಿಯೊಂದಕ್ಕೆ ಒಂದು ಪೌಂಡು ತೆರಬೇಕು. ಸಾಧಾರಣ ಗೃಹಸ್ಥನು ಮೋಟಾರು ಸೈಕಲ್ಲಿಗೆ ಸೈಡ್‌ಕಾರ್ ಜೋಡಿಸಿ, ಮಳೆ ಗಾಳಿಗಳಲ್ಲಿಯೇ ಮಡದಿ ಮಕ್ಕಳನ್ನು ಕರೆದೊಯ್ಯುತ್ತಿದ್ದನು. ಅವನಿಗೊಂದು ಪುಟ್ಟ ಕಾರು ಬೇಕೆಂಬ ಆಸ್ಟಿನ್ನರ ಮಾತಿಗೆ ನಿರ್ದೇಶಕರು ಒಲಿಯಲಿಲ್ಲ. ಆಗ ಅವರು ಸ್ವಂತ ಖರ್ಚಿನಲ್ಲಿಯೇ ಕೆಲಸಕ್ಕೆ ತೊಡಗಿ, ನಕ್ಷೆ ಬರೆಯಲು ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ತರುಣನನ್ನು ಮನೆಗೆ ಕರೆಸಿಕೊಂಡರು.

ಎರಡು ಸಿಲಿಂಡರು ಸಾಕೆಂಬುದು ಯಜಮಾನರ ಎಣಿಕೆ. ನಾಲ್ಕಿದ್ದರೇ ಎಂಜಿನ್ನು ನಯವಾಗಿ ಓಡುವುದೆಂದು ಹುಡುಗನು ವಾದಿಸಿ ಗೆದ್ದನು. ತೆರಿಗೆಯ ಲೆಕ್ಕಕ್ಕೆ ಸಿಲಿಂಡರುಗಳ ಸಂಖ್ಯೆ ಮತ್ತು ಅಗಲಗಳಷ್ಟೇ ಬರುತ್ತಿದ್ದುದರಿಂದ ಅಗಲವನ್ನು ಸುಮಾರು 2.2 ಅಂಗುಲಕ್ಕೆ ಮಿತಿಗೊಳಿಸಿ, ಪಿಸ್ಟನ್ನಿನ ಚಲನೆಯನ್ನು 3 ಅಂಗುಲದಷ್ಟು ಉದ್ದವಾಗಿಸಿದರು. ಆಂಗ್ಲ ಅಕ್ಷರ ‘ಎ’ಯ ಆಕಾರದ ಹಗುರವಾದ ಚೌಕಟ್ಟು, ಅದರ ಮೊನೆಯಲ್ಲಿ ಮುಂದಿನ ಚಕ್ರಗಳೆರಡಕ್ಕೂ ಅಡ್ಡಲಾಗಿ ಒಂದೇ ಸ್ಪ್ರಿಂಗು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ ಕೇವಲ 75 ಅಂಗುಲ. ಒಟ್ಟು ತೂಕ ಸುಮಾರು 360 ಕಿಲೋಗ್ರಾಂ. ಆದರೂ, ಅನೇಕ ದೊಡ್ಡ ಕಾರುಗಳಿಗೂ ಇಲ್ಲದಿದ್ದ ನಾಲ್ಕು ಚಕ್ರಗಳ ಬ್ರೇಕು ಇದಕ್ಕಿದ್ದಿತು. ಮೊದಲ ವರ್ಷಗಳಲ್ಲಿ ಕಾಲಿನ ಬ್ರೇಕು ಹಿಂದಿನ ಚಕ್ರಗಳನ್ನೂ, ಕೈಬ್ರೇಕು ಮುಂದಿನ ಚಕ್ರಗಳನ್ನೂ ಹಿಡಿಯುತ್ತಿದ್ದವು. ದೊಡ್ಡ ಕಾರನ್ನು ಕುಗ್ಗಿಸಿದುದಲ್ಲ ಇದು. ಸಂಸಾರಸ್ಥನ ಜೇಬನ್ನು ಅಳೆದು ಕಟ್ಟಿದುದು.

1922ರಲ್ಲಿ ‘ಆಸ್ಟಿನ್ ಸೆವೆನ್’ ಬೀದಿಗಿಳಿಯಿತು. ಆಟಿಕೆಯೆಂದು ನಕ್ಕವರುಂಟು. ಆದರೆ 1939ರವರೆಗೆ ತಯಾರಾದವು ಸುಮಾರು 2 ಲಕ್ಷ 90 ಸಾವಿರ! ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯು ಕಾರು ತಯಾರಿಕೆಗೆ ಕಾಲಿಟ್ಟದ್ದೂ ಇದರ ಪರವಾನಗಿ ಪಡೆದ ‘ಡಿಕ್ಸಿ’ಯಿಂದಲೇ.

1941ರಲ್ಲಿ ತೀರಿಕೊಂಡ ಆಸ್ಟಿನ್ನರ ಸಮಾಧಿ ಲಿಕ್ಕಿಯ ಇಗರ್ಜಿಯ ಅಂಗಳದಲ್ಲಿದೆ. ಕೆಳಗಿನ ಕಾರ್ಖಾನೆಯ ದೊಡ್ಡ ಪ್ರಮಾಣದ ಉತ್ಪಾದನೆ 2005ರಲ್ಲಿ ನಿಂತುಹೋಯಿತು. ಅದರ ಬಹುಭಾಗದ ನೆಲದಲ್ಲಿ ಇಂದು ಮನೆಗಳೂ ಅಂಗಡಿಗಳೂ ಎದ್ದಿವೆ. ಆದರೆ, ಒಮ್ಮೆ ಅದನ್ನು ಉಳಿಸಿದ ಆ ಪುಟ್ಟ ಕಾರುಗಳಲ್ಲಿ ಎಷ್ಟೋ, ಅಭಿಮಾನಿಗಳ ಆರೈಕೆಯಲ್ಲಿ ಇಂದಿಗೂ ಓಡುತ್ತಿವೆ.