ಅರೆತಲೆನೋವಿಗೆ ಪರಿಮಳದ ಎಣ್ಣೆ

ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ. ಕಾಲು ಮುರಿದರೆ ಪಟ್ಟಿ ಕಾಣಿಸುತ್ತದೆ. ತಲೆನೋವು ಮಾತ್ರ ಹೇಳಿದರೂ ಯಾರೂ ನಂಬದ ಕಾಯಿಲೆ. ಅದರಲ್ಲೂ ಸೊಸೆಗೆ ಬಂದರೆ “ಕೆಲಸ ಇದ್ದ ದಿನಾನ ಬರ್ತದಲ್ಲ” ಎಂಬ ಮಾತು ತಪ್ಪಿದ್ದಲ್ಲ. ನೀವೂ ಕೇಳಿರುತ್ತೀರಿ.

ನನ್ನ ತವರು ರೋಣ, ಕೊಟ್ಟ ಮನೆ ಗಜೇಂದ್ರಗಡ. ಬೇಸಿಗೆಯ ಬಿಸಿಲು, ಓಣಿಯ ಮಗ್ಗದ ಸದ್ದು, ಹೊತ್ತು ಮೀರಿದ ಊಟ, ಈ ಮೂರೂ ಕೂಡಿದರೆ ಎಡಗಣ್ಣಿನ ಹಿಂದೆ ನೋವು ಏಳುತ್ತದೆ. ನಾಡಿ ಬಡಿದಂತೆ ಬಡಿಯುತ್ತದೆ, ವಾಕರಿಕೆ ಬರುತ್ತದೆ, ಬೆಳಕು ಬೇಡವಾಗುತ್ತದೆ. ನಮ್ಮ ನಾನಿ ಇದನ್ನು ‘ಆಧಾಸೀಸಿ’ ಎನ್ನುತ್ತಿದ್ದರು. ಯುನಾನಿ ಹಕೀಮರಿಗೆ ಇದು ‘ಶಕೀಕಾ’, ಡಾಕ್ಟರರಿಗೆ ಮೈಗ್ರೇನ್. ಔಷಧಿ ಇಲ್ಲದಿದ್ದರೆ 4 ಗಂಟೆಯಿಂದ 72 ಗಂಟೆಯವರೆಗೂ ಇರಬಹುದು. 2009ರಲ್ಲಿ ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಸುತ್ತಮುತ್ತ 2,329 ಜನರನ್ನು ವಿಚಾರಿಸಿದಾಗ, ವರ್ಷದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಕಂಡುಬಂತು. ಹೆಂಗಸರಲ್ಲಿ ಹೆಚ್ಚು, ಹಳ್ಳಿಗಳಲ್ಲೂ ಹೆಚ್ಚು. ಇದು ಸೋಗಲ್ಲ, ಸಹೋದರಿಯರೇ!

ನಾನಿ ಬಾದಾಮಿ ಎಣ್ಣೆಯಿಂದ ನೆತ್ತಿ ತಿಕ್ಕುತ್ತಿದ್ದರು. ಎಣ್ಣೆಗೆ ಪರಿಮಳ ಸೇರಿಸಿ ಮಾಲೀಶು ಮಾಡುವುದಕ್ಕೆ ಈಗ ಅರೋಮಾಥೆರಪಿ ಎಂಬ ದೊಡ್ಡ ಹೆಸರು. ಆ ಪದವನ್ನು ಬಳಕೆಗೆ ತಂದವರು ಫ್ರಾನ್ಸಿನ ರಸಾಯನತಜ್ಞ ಗಾಟ್‌ಫೋಸ್ಸೆ. ಅವರ ಪುಸ್ತಕ ಬಂದದ್ದು 1937ರಲ್ಲಿ. ಇದರಿಂದ ನಿಜಕ್ಕೂ ಗುಣವಿದೆಯೇ? 2012ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನವೊಂದರಲ್ಲಿ 47 ಮಂದಿ ರೋಗಿಗಳಿದ್ದರು. ಕೆಲವರಿಗೆ ನೋವು ಬಂದಾಗ 15 ನಿಮಿಷ ಲ್ಯಾವೆಂಡರ್ ಎಣ್ಣೆಯ ವಾಸನೆ ಕೊಟ್ಟರು. 129 ಸಲ ಬಂದ ನೋವಿನಲ್ಲಿ 92 ಸಲ ಪೂರ್ತಿಯೋ ಅಲ್ಪಸ್ವಲ್ಪವೋ ಇಳಿಯಿತು. ವಾಸನೆಯಿಲ್ಲದ ಎಣ್ಣೆ ಕೊಟ್ಟವರಲ್ಲಿ 68ಕ್ಕೆ 32. ವಾರಕ್ಕೊಮ್ಮೆ ಮಾಲೀಶು ಮಾಡಿಸಿಕೊಂಡವರಿಗೆ ನೋವು ಬರುವುದು ಕಡಿಮೆಯಾಗಿ ನಿದ್ದೆ ಸುಧಾರಿಸಿತೆಂದು 2006ರ ಇನ್ನೊಂದು ಅಧ್ಯಯನ ಹೇಳಿದೆ. ಎರಡೂ ಸಣ್ಣ ಅಧ್ಯಯನಗಳು. ಆದ್ದರಿಂದ ಇದು ಔಷಧಿಯ ಜೊತೆಗಿನ ಆಸರೆಯೇ ಹೊರತು ಔಷಧಿಯ ಬದಲಿಯಲ್ಲ.

ಈ ಆಸರೆಯ ಬೆಲೆ ನನಗೆ ತಿಳಿದದ್ದು ನರಗುಂದದಲ್ಲಿರುವ ತಂಗಿಯಿಂದ. ಅವಳು ಅಂಗಡಿಯಿಂದ ಮಾತ್ರೆ ತರಿಸಿ ದಿನ ಬಿಟ್ಟು ದಿನ ನುಂಗುತ್ತಿದ್ದಳು. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಇಲ್ಲವೇ ಹೆಚ್ಚು, ಹೀಗೆ ಕೆಲವು ತಿಂಗಳು ನುಂಗಿದರೆ ಮಾತ್ರೆಯೇ ತಲೆನೋವು ತರತೊಡಗುತ್ತದೆ. ಡಾಕ್ಟರರು ಅದನ್ನು ಬಿಡಿಸಿ, ನೋವು ಬಾರದಂತೆ ತಡೆಯುವ ಬೇರೆ ಔಷಧಿ ಬರೆದರು. ಮೊದಲ ವಾರಗಳಲ್ಲಿ ನೋವು ಇನ್ನೂ ಹೆಚ್ಚಿತು. “ಆಪಾ, ಒಂದೇ ಒಂದು ಮಾತ್ರೆ ಕೊಡು” ಎಂದು ಅತ್ತಳು. ನಾನು ಕೊಡಲಿಲ್ಲ. ಎರಡು ಚಹಾ ಚಮಚ ಕೊಬ್ಬರಿ ಎಣ್ಣೆಗೆ ಎರಡೇ ಹನಿ ಲ್ಯಾವೆಂಡರ್ ಹಾಕಿ ಕುತ್ತಿಗೆಯ ಹಿಂಭಾಗ, ಭುಜ, ಕಿವಿಯ ಮೇಲ್ಭಾಗವನ್ನು ಮೆಲ್ಲಗೆ ಒತ್ತಿದೆ. ನೋವು ಹೋಯಿತೆನ್ನಲಾರೆ, ಆದರೆ ಅವಳಿಗೆ ನಿದ್ದೆ ಹತ್ತಿತು. ಎರಡು ತಿಂಗಳಲ್ಲಿ ಮಾತ್ರೆ ವಾರಕ್ಕೊಂದಕ್ಕೆ ಇಳಿಯಿತು.

ಎಲ್ಲರಿಗೂ ಪರಿಮಳ ಒಗ್ಗದು. ಶಾದಿ ಮನೆಯ ಅತ್ತರೇ ಹಲವರಿಗೆ ನೋವೆಬ್ಬಿಸುತ್ತದೆ. ಅಂಥವರಿಗೆ ಬರೀ ಎಣ್ಣೆ ಸಾಕು. ಬಸುರಿಯರು ಡಾಕ್ಟರರನ್ನು ಕೇಳದೆ ಬಳಸಬಾರದು. ಕರ್ಪೂರ, ನೀಲಗಿರಿ ಎಣ್ಣೆಯ ಶೀಷೆ ಮಕ್ಕಳ ಕೈಗೆ ಸಿಗಬಾರದು, ಕುಡಿದರೆ ವಿಷ. ರಮಝಾನಿನಲ್ಲಿ ಸಹರಿ ತಪ್ಪಿಸಬೇಡಿ. ಚಹಾವನ್ನು ಒಮ್ಮೆಲೇ ಬಿಡದೆ ಕೆಲವು ದಿನ ಮೊದಲಿನಿಂದಲೇ ಕಡಿಮೆ ಮಾಡುತ್ತ ಬನ್ನಿ.

ಸಿಡಿಲು ಬಡಿದಂತೆ ಹಠಾತ್ತನೆ ನೋವು ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ ಎಣ್ಣೆಯ ಶೀಷೆ ಹುಡುಕುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.