ಚಿಲ್ಲರೆ ಯಾರದು?



ಹೋದ ವಾರ ಒಬ್ಬರು ಇನ್‌ಬಾಕ್ಸಿಗೆ ಬಂದು ಕೇಳಿದರು. "ನಿಮ್ ಬಳಗದ ಹುಡುಗಿ ಇಂಗ್ಲೆಂಡಿಗೆ ಹೋದ್ಲಂತೆ, ಟಿಕೆಟ್ ನೀವೇ ಕೊಡ್ಸಿದ್ರಂತೆ, ಅಷ್ಟು ದುಡ್ಡು ಎಲ್ಲಿಂದ ಬಂತು ಸಾರ್?" ಕೇಳಿದ ಧಾಟಿ ಸರಿ ಇರಲಿಲ್ಲ. ಆದರೆ ಪ್ರಶ್ನೆ ಸರಿಯಾಗೇ ಇದೆ. ಜನರ ದುಡ್ಡು ಮುಟ್ಟಿದವನು ಲೆಕ್ಕ ಕೊಡಬೇಕು. ಅದಕ್ಕೇ ಈ ಪೋಸ್ಟು. ಉದ್ದ ಇದೆ, ಬಿಡುವಾದಾಗ ಓದಿ.

ಟಿಕೆಟ್ ದುಡ್ಡಲ್ಲಿ ಬಂದಿದ್ದಲ್ಲ, ಪಾಯಿಂಟಲ್ಲಿ ಬಂದಿದ್ದು. ಕ್ರೆಡಿಟ್ ಕಾರ್ಡಿನ ರಿವಾರ್ಡ್ ಪಾಯಿಂಟು.

ನಾನು ಕಾಲೇಜಲ್ಲಿ ಪಾಠ ಹೇಳೋನು. ಸಂಬಳದ ಖಾತೆ ಇರೋ ಬ್ಯಾಂಕಿನವರೇ ಆರೇಳು ವರ್ಷದ ಹಿಂದೆ ಕಾರ್ಡು ಕೊಟ್ಟರು. ಎರಡು ತಿಂಗಳು ಆ ಕವರನ್ನೇ ಒಡೆದಿರಲಿಲ್ಲ. ನಮ್ಮಪ್ಪ ನಾನು ಹುಟ್ಟೋಕೆ ಮುಂಚೆ ಊರಿನ ದೊಡ್ಡ ಮನೆಯೊಂದರಲ್ಲಿ ಜೀತಕ್ಕಿದ್ದೋರು. ತಂಗಿ ಮದುವೆಗೆ ಅಂತ ಈಸ್ಕೊಂಡಿದ್ದು ಮುನ್ನೂರು ರೂಪಾಯಿ. ದುಡಿದಿದ್ದು ಒಂಬತ್ತು ವರ್ಷ. ಸಾಲ ಎಷ್ಟು ತೀರ್ತು, ಎಷ್ಟು ಉಳೀತು ಅನ್ನೋದು ಆ ಮನೆಯವರ ಪುಸ್ತಕದಲ್ಲಿತ್ತು, ಅಪ್ಪನಿಗೆ ಓದೋಕೆ ಬರ್ತಿರಲಿಲ್ಲ. 1976ರಲ್ಲಿ ಜೀತ ರದ್ದು ಮಾಡೋ ಕಾಯ್ದೆ ಬಂದಮೇಲೇ ಅವರು ಆ ಕೊಟ್ಟಿಗೆಯಿಂದ ಈಚೆ ಬಂದಿದ್ದು. ಅಂಥ ಮನೇಲಿ ಬೆಳೆದವನಿಗೆ ಸಾಲದ ಕಾರ್ಡು ಅಂದರೆ ಕೈ ನಡುಗುತ್ತೆ. ಇದನ್ನ ನಗಾಡೋರು ನಗಾಡಲಿ.

ಕೊನೆಗೆ ಕಾರ್ಡು ಬಳಸೋಕೆ ಶುರು ಮಾಡಿದ್ದು ಬಳಗದ ಕೆಲಸಕ್ಕೇ. ಏಪ್ರಿಲ್ 14ರ ಪೆಂಡಾಲು, ಮಕ್ಕಳ ನೋಟ್‌ಬುಕ್ಕು, ಲೈಬ್ರರಿಗೆ ಪುಸ್ತಕ, ಪರೀಕ್ಷೆ ಫೀಸು, ಎರಡು ಲ್ಯಾಪ್‌ಟಾಪು. ಗೆಳೆಯರು ನೂರು, ಇನ್ನೂರು, ಸಾವಿರ ಅಂತ ಯುಪಿಐ ಮಾಡೋರು. ಅದು ಬಂದು ಸೇರೋಕೆ ಹದಿನೈದಿಪ್ಪತ್ತು ದಿನ ಹಿಡಿಯೋದು, ಅಂಗಡಿಯವನು ಅಷ್ಟು ದಿನ ಕಾಯಲ್ಲ. ನಾನು ಕಾರ್ಡು ಉಜ್ಜೋದು, ಬಿಲ್ ಬರೋ ಹೊತ್ತಿಗೆ ಗೆಳೆಯರ ದುಡ್ಡು ಕೂಡಿರೋದು, ಪೂರ್ತಿ ಕಟ್ಟೋದು. ನಾಲ್ಕು ವರ್ಷದಲ್ಲಿ ಬಳಗದ ಖರ್ಚು ಹೀಗೆ ನನ್ನ ಕಾರ್ಡಲ್ಲಿ ಓಡಿದ್ದು 14 ಲಕ್ಷ. ನನ್ನ ಸ್ವಂತದ್ದು 12 ಲಕ್ಷ. ನನ್ನ ಕಾರ್ಡಿಗೆ 200 ರೂಪಾಯಿಗೆ 4 ಪಾಯಿಂಟು. ಒಟ್ಟು 52,000 ಪಾಯಿಂಟು ಕೂತಿತ್ತು, ಅದರಲ್ಲಿ 28,000 ಬಳಗದ ಖರ್ಚಿಂದ ಬಂದಿದ್ದು.

ನಿಜ ಹೇಳ್ತೀನಿ, ನನ್ನ ತಲೆಯಲ್ಲಿ ಆ 52,000 ಪೂರ್ತಿ ನನ್ನದೇ ಆಗಿತ್ತು. ಆಪ್ ತೆಗೆದರೆ ನನ್ನ ಹೆಸರಿನ ಕೆಳಗೇ ತೋರಿಸುತ್ತಲ್ಲ. ಅದರಲ್ಲಿ ಒಂದು ಆಸೆನೂ ಕಟ್ಟಿಕೊಂಡಿದ್ದೆ. ಅವ್ವನ್ನ ಡಿಸೆಂಬರ್ 6ಕ್ಕೆ ವಿಮಾನದಲ್ಲಿ ಮುಂಬೈಗೆ, ಚೈತ್ಯಭೂಮಿಗೆ ಕರ್ಕೊಂಡು ಹೋಗೋದು. 1956ರ ಡಿಸೆಂಬರಲ್ಲಿ ಬಾಬಾಸಾಹೇಬರ ದೇಹ ದೆಹಲಿಯಿಂದ ಮುಂಬೈಗೆ ಬಂದಿದ್ದು ವಿಮಾನದಲ್ಲೇ ಅಂತ ಒಂದ್ಸಲ ಅವ್ವನಿಗೆ ಹೇಳಿದ್ದೆ. "ನಾನೂ ಒಂದಪ ಅಂಗೇ ಓಗಿ ನೋಡ್ಬೇಕು ಕಣಪ್ಪ" ಅಂದಿದ್ರು.

ಈ ಪಾಯಿಂಟುಗಳ ವ್ಯವಹಾರ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಮ್ಮ ಹುಡುಗರೂ ಈಗ ಕೆಲಸಕ್ಕೆ ಸೇರಿ ಕಾರ್ಡು ತಗೋತಿದ್ದಾರೆ, ಗೊತ್ತಿರಲಿ. ಪಾಯಿಂಟನ್ನ ಬ್ಯಾಂಕಿನ ಕ್ಯಾಟಲಾಗಲ್ಲಿ ಮಿಕ್ಸಿಗೋ ಡಿನ್ನರ್ ಸೆಟ್ಟಿಗೋ ಕೊಟ್ಟರೆ ನನ್ನ ಕಾರ್ಡಲ್ಲಿ ಒಂದಕ್ಕೆ ನಾಲ್ಕಾಣೆ. ಅಂದರೆ 52,000ಕ್ಕೆ 13 ಸಾವಿರ ರೂಪಾಯಿ. ಅದೇ ಪಾಯಿಂಟನ್ನ ವಿಮಾನ ಕಂಪನಿಗಳ ಮೈಲೇಜ್ ಖಾತೆಗೆ ದಾಟಿಸಬಹುದು. ಏರ್ ಇಂಡಿಯಾದ ಮಹಾರಾಜ ಕ್ಲಬ್, ಸಿಂಗಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್, ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂನ ಫ್ಲೈಯಿಂಗ್ ಬ್ಲೂ, ಹೀಗೆ. ಯಾವ ಬ್ಯಾಂಕಿಗೆ ಯಾವ ಕಂಪನಿ, ಎಷ್ಟು ಪಾಯಿಂಟಿಗೆ ಎಷ್ಟು ಮೈಲು ಅನ್ನೋದು ಕಾರ್ಡಿಂದ ಕಾರ್ಡಿಗೆ ಬೇರೆ, ಆಗಾಗ ಬದಲಾಗುತ್ತೆ ಕೂಡ. ನನ್ನದರಲ್ಲಿ ಎರಡು ಪಾಯಿಂಟಿಗೆ ಒಂದು ಮೈಲು. ಒಂದ್ಸಲ ದಾಟಿಸಿದರೆ ಮುಗೀತು, ವಾಪಸ್ ಬರಲ್ಲ. ಮೈಲಿಗೂ ಆಯಸ್ಸಿದೆ, ಕ್ರಿಸ್‌ಫ್ಲೈಯರಲ್ಲಿ ಮೂರು ವರ್ಷ. ಕಂಪನಿಗೂ ಆಯಸ್ಸಿದೆ ಅನ್ನಿ. ಜೆಟ್ ಏರ್‌ವೇಸ್ 2019ರ ಏಪ್ರಿಲಲ್ಲಿ ಹಾರೋದೇ ನಿಲ್ಲಿಸ್ತು. ವಿಸ್ತಾರ 2024ರ ನವೆಂಬರಲ್ಲಿ ಏರ್ ಇಂಡಿಯಾದೊಳಗೆ ಸೇರಿಹೋಯ್ತು. ಅದಕ್ಕೇ ಸೀಟು ಕಣ್ಣಿಗೆ ಕಾಣೋತನಕ ಪಾಯಿಂಟು ಬ್ಯಾಂಕಲ್ಲೇ ಇರಲಿ.

ಇದೆಲ್ಲ ಪುಕ್ಕಟೆ ಅಂತ ತಿಳ್ಕೋಬೇಡಿ. ಅಂಗಡಿಯವನು ಪ್ರತಿ ಉಜ್ಜಿಗೂ ಬ್ಯಾಂಕಿಗೆ ಕಮಿಷನ್ ಕೊಡ್ತಾನೆ, ಅದನ್ನ ಸಾಮಾನಿನ ಬೆಲೇಲಿ ಸೇರಿಸ್ತಾನೆ, ನೋಟು ಕೊಟ್ಟು ಸೋಪು ತಗೊಳ್ಳೋ ನಮ್ಮ ಕೇರಿಯ ಅಕ್ಕನೂ ಅದೇ ಬೆಲೆ ಕೊಡ್ತಾಳೆ. ಇನ್ನು ಪೂರ್ತಿ ಬಿಲ್ ಕಟ್ಟಲಾಗದೆ 'ಮಿನಿಮಮ್ ಡ್ಯೂ' ಕಟ್ಟಿ ಸುಮ್ಮನಾಗೋರು ಇದ್ದಾರಲ್ಲ, ಅವರ ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟು ಆಸುಪಾಸು. ವರ್ಷಕ್ಕೆ ನಲವತ್ತು ದಾಟುತ್ತೆ, ಅದರ ಮೇಲೆ ಜಿಎಸ್‌ಟಿ ಬೇರೆ. ನಮ್ಮ ಬೀದಿಯ ಹುಡುಗನೊಬ್ಬ ಹೀಗೇ ಸಿಕ್ಕಿಕೊಂಡು ಬೈಕು ಮಾರಿದ. ಅವನು ಕಟ್ಟಿದ ಬಡ್ಡಿಯಲ್ಲಿ ಒಂದು ಚೂರು ನನ್ನ ಪಾಯಿಂಟಾಗಿ ಬಂದಿದೆ. ಇದು ಗೊತ್ತಿದ್ದೂ ನಾನು ಪಾಯಿಂಟು ಬಳಸಿದ್ದೀನಿ.

ಸರಿ, ಹುಡುಗಿ ವಿಷಯಕ್ಕೆ ಬರ್ತೀನಿ. ಹೆಸರು ಬೇಡ. ಚಾಮರಾಜನಗರದ ಕಡೆಯವಳು, ತಾಯಿ ಹಾಸ್ಟೆಲಲ್ಲಿ ಅಡುಗೆ ಮಾಡ್ತಾರೆ. ಸಾರ್ವಜನಿಕ ಆರೋಗ್ಯದಲ್ಲಿ ಎಂಎಸ್ಸಿಗೆ ಇಂಗ್ಲೆಂಡಲ್ಲಿ ಸೀಟು ಸಿಕ್ತು, ಸ್ಕಾಲರ್‌ಶಿಪ್ಪೂ ಮಂಜೂರಾಯ್ತು. ಆದೇಶ ಕೈಗೆ ಬಂತು, ದುಡ್ಡು ಬರಲಿಲ್ಲ. ಕಚೇರಿಗೆ ಹೋದರೆ "ಟಿಕೆಟ್ ಮೊದ್ಲು ನೀವೇ ತಗೊಳ್ರಿ, ಬಿಲ್ ಕೊಟ್ರೆ ಆಮೇಲೆ ಹಾಕ್ತೀವಿ" ಅಂತ. ಅಡುಗೆ ಮಾಡೋ ತಾಯಿ ಮೊದಲು ಎಲ್ಲಿಂದ ತರ್ತಾಳೆ ಅಂತ ಯಾರಿಗೂ ಅನ್ನಿಸಲ್ಲ. ಕ್ಲಾಸು ಸೆಪ್ಟೆಂಬರ್ ಕೊನೆಗೆ ಶುರು. ಒಂದು ಕಡೆ ಟಿಕೆಟ್ಟೇ 48 ಸಾವಿರ.

ಬಾಬಾಸಾಹೇಬರ ಲಂಡನ್ ಓದು ಅರ್ಧಕ್ಕೆ ನಿಂತಿದ್ದೂ ಸ್ಕಾಲರ್‌ಶಿಪ್ ಅವಧಿ ಮುಗಿದಿದ್ದಕ್ಕೇ ಅಲ್ವಾ, 1917ರಲ್ಲಿ. ಮೂರು ವರ್ಷ ಕಾದು, ಮೇಷ್ಟ್ರ ಕೆಲಸದಲ್ಲಿ ಉಳಿಸಿದ ದುಡ್ಡು, ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭತೇನರ ಹತ್ತಿರ ಸಾಲ, ಎಲ್ಲ ಕೂಡಿಸಿಕೊಂಡು 1920ರಲ್ಲಿ ಮತ್ತೆ ಹಡಗು ಹತ್ತಿದರು. ನಮ್ಮ ಹುಡುಗಿಗೆ ಮೂರು ವರ್ಷ ಕಾಯಿ ಅನ್ನೋಕಾಗುತ್ತಾ?

ಭಾನುವಾರ ಬಳಗದ ಮೀಟಿಂಗಲ್ಲಿ ದುಡ್ಡು ಎತ್ತೋ ಮಾತು ನಡೀತಿತ್ತು. ನಾನು ಏನೋ ದೊಡ್ಡ ಮನಸ್ಸು ಮಾಡೋನ ಥರ, "ನನ್ ಹತ್ರ ಕಾರ್ಡಿನ ಪಾಯಿಂಟಿದೆ, ಸ್ವಲ್ಪ ಕೊಡಬಹುದು" ಅಂದೆ. ನಮ್ಮ ಖಜಾಂಚಿ ಅಣ್ಣ ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ಟಿಕೆಟ್ ಹರಿದೋರು. ಕನ್ನಡಕ ಮೇಲೆತ್ತಿ ಕೇಳಿದರು.

"ಯಾವ್ ಪಾಯಿಂಟು? ನಮ್ ಖರ್ಚು ಉಜ್ಜಿದ್ಯಲ್ಲ, ಅದ್ರದ್ದಾ?"

"ಅದ್ರದ್ದೂ ಇದೆ, ನಂದೂ ಇದೆ."

"ನಾಕ್ ವರ್ಸದಿಂದ ನನ್ ಪುಸ್ತಕಕ್ಕೆ ಬರ್ಲೇ ಇಲ್ವಲ್ಲಪ್ಪ ಅದು."

ಕೋಣೆ ಗಪ್‌ಚಿಪ್. ನನ್ನ ಮುಖ ಬಿಸಿಯಾಯ್ತು. ಕೋಪನೂ ಬಂತು, ಸುಳ್ಳು ಹೇಳಲ್ಲ. ಅಷ್ಟು ವರ್ಷ ಬಿಲ್ ನನ್ನ ಹೆಸರಿಗೆ ಬರ್ತಿತ್ತು, ಯಾರಾದರೂ ದುಡ್ಡು ಹಾಕದೆ ಹೋಗಿದ್ದರೆ ಕಟ್ಟೋನು ನಾನೇ ತಾನೇ? ಒಬ್ಬಳು ತಂಗಿ ಅದನ್ನೇ ಹೇಳಿದಳು. "ರಿಸ್ಕ್ ಅಣ್ಣಂದು, ಪಾಯಿಂಟೂ ಅಣ್ಣಂದೇ." ಖಜಾಂಚಿ ಅಣ್ಣ ದನಿ ಏರಿಸಲಿಲ್ಲ. "ಪ್ಯಾಸೆಂಜರ್ ನೂರ್ ರೂಪಾಯಿ ಕೊಡ್ತಾನೆ, ಟಿಕೆಟ್ ಅರವತ್ತು. ಚಿಲ್ರೆ ಇಲ್ಲ ಅಂತ ಟಿಕೆಟ್ ಹಿಂದೆ ನಲವತ್ತು ಅಂತ ಬರ್ಕೊಡ್ತೀನಿ. ಬ್ಯಾಗು ನನ್ ಹೆಗಲ ಮೇಲೇ ಇರೋದು, ಕಳೆದ್ರೆ ನಾನೇ ಕಟ್ಟೋದು. ಆದ್ರೂ ಚಿಲ್ರೆ ಯಾರ್ದಪ್ಪ?"

ನನಗೆ ಅಪ್ಪನ ಆ ಪುಸ್ತಕ ನೆನಪಾಯ್ತು. ಬೇರೆಯವರ ಲೆಕ್ಕ ನನ್ನ ಪುಸ್ತಕದಲ್ಲಿ, ಅವರಿಗೆ ಕಾಣದ ಹಾಗೆ. ಅವತ್ತು ಅಲ್ಲಿ ಅದನ್ನ ಬಾಯಿಬಿಟ್ಟು ಹೇಳೋಕಾಗಲಿಲ್ಲ, ಇಲ್ಲಿ ಹೇಳ್ತಿದ್ದೀನಿ.

28,000 ಬಳಗದ್ದು ಅಂತ ತೀರ್ಮಾನ ಆಯ್ತು. ಅದಕ್ಕೆ 14,000 ಮೈಲು, ಅಷ್ಟರಲ್ಲಿ ಯೂರೋಪು ಮುಟ್ಟಲ್ಲ. ನನ್ನ 24,000 ಪಾಯಿಂಟೂ ಸೇರಬೇಕು. ಎರಡು ದಿನ ನಾನು ಮಾತಾಡಲಿಲ್ಲ. ಆಮೇಲೆ ಅವ್ವನ ಹತ್ತಿರ ಹೋಗಿ ಕೂತೆ. ಪೂರ್ತಿ ಕೇಳಿಸಿಕೊಂಡು, "ರೈಲಲ್ಲಿ ಓದ್ರೆ ಬಾಬಾಸಾಹೇಬ್ರು ಬಾಗ್ಲು ಆಕ್ಕೊಂಬುಟ್ಟಾರಾ?" ಅಂದ್ರು.

ಆಮೇಲೆ ಶುರುವಾಗಿದ್ದು ಹೆಸರಿನ ಕತೆ. ಪಾಯಿಂಟು ದಾಟಬೇಕಾದರೆ ಬ್ಯಾಂಕಲ್ಲಿರೋ ಹೆಸರು, ವಿಮಾನ ಕಂಪನಿಯ ಖಾತೇಲಿರೋ ಹೆಸರು ಒಂದೇ ಇರಬೇಕು. ಬ್ಯಾಂಕಲ್ಲಿ ನನಗೆ ಎರಡು ಇನಿಶಿಯಲ್, ಒಂದು ಊರಿಂದು, ಒಂದು ಅಪ್ಪಂದು, ಆಮೇಲೆ ಹೆಸರು. ವಿಮಾನ ಕಂಪನಿಯ ಫಾರಂ 'ಲಾಸ್ಟ್ ನೇಮ್' ಇಲ್ಲದೆ ಮುಂದಕ್ಕೇ ಹೋಗಲ್ಲ. ಪಾಸ್‌ಪೋರ್ಟಲ್ಲಿ ಇರೋ ಹಾಗೆ ಅಪ್ಪನ ಹೆಸರು ಹಾಕಿದೆ. ಬ್ಯಾಂಕಿನ ಆಪಲ್ಲಿ ಸದಸ್ಯತ್ವದ ನಂಬರ್ ಕೊಟ್ಟು, ಒಟಿಪಿ ಒತ್ತಿ, 99 ರೂಪಾಯಿ ಮೇಲೆ ಜಿಎಸ್‌ಟಿ ಕಟ್ಟಿ ಕಳಿಸಿದೆ. 'ಪ್ರೋಸೆಸಿಂಗ್' ಅಂತ ಐದು ದಿನ ತೋರಿಸಿ, ಆರನೇ ದಿನ ಹೆಸರು ತಾಳೆ ಆಗ್ತಿಲ್ಲ ಅಂತ ಪಾಯಿಂಟು ವಾಪಸ್.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಆ ಕಡೆ ಮೃದುವಾಗಿ ಮಾತಾಡೋ ಹುಡುಗಿ. "ಸರ್, ನಿಮ್ಮ ಸರ್‌ನೇಮ್ ಏನು?"

"ಇಲ್ಲ."

"ಫ್ಯಾಮಿಲಿ ನೇಮ್ ಸರ್, ಪೂರ್ತಿ ಹೆಸರು?"

ಈ ಪ್ರಶ್ನೆ ನಮಗೆ ಬರೀ ಫಾರಂ ಪ್ರಶ್ನೆ ಅಲ್ಲ. ಬಾಡಿಗೆ ಮನೆ ಕೇಳೋಕೆ ಹೋದಾಗ, ಹೊಸ ಸ್ಟಾಫ್ ರೂಮಲ್ಲಿ ಕೂತಾಗ, ಮದುವೆ ಊಟದ ಪಂಕ್ತೀಲಿ, "ಪೂರ್ತಿ ಹೆಸರೇನು, ಯಾವೂರು, ಯಾವ ಕಡೆಯೋರು" ಅಂತ ಒಂದೊಂದೇ ಮೆಟ್ಟಿಲು ಹತ್ತಿ ಕೊನೆಗೆ ಎಲ್ಲಿಗೆ ಬರ್ತಾರೆ ಅಂತ ನಮಗೆ ಗೊತ್ತು. ನನ್ನ ದನಿ ಗಡುಸಾಯ್ತು. ಪಾಪ, ಆ ಹುಡುಗಿಗೆ ಏನೂ ಅರ್ಥ ಆಗಲಿಲ್ಲ. ಅವಳ ಮುಂದೆ ಇದ್ದಿದ್ದು ಖಾಲಿ ಬಿಟ್ಟರೆ ಒಪ್ಪದ ಒಂದು ಚೌಕ, ಅಷ್ಟೇ. "ಸರ್, ಇನಿಶಿಯಲ್ ಬಿಡಿಸಿ ಎರಡೂ ಕಡೆ ಒಂದೇ ಥರ ಮಾಡ್ಸಿ" ಅಂತ ದಾರಿ ಹೇಳಿದಳು. ನನ್ನ ಗಡುಸು ದನಿಗೆ ಕ್ಷಮೆ ಕೇಳಿ ಫೋನಿಟ್ಟೆ. ಬ್ಯಾಂಕಿಗೆ ಹೋಗಿ, ಪಾಸ್‌ಪೋರ್ಟ್ ತೋರಿಸಿ, ಅಪ್ಪನ ಹೆಸರನ್ನ ಪೂರ್ತಿ ಬರೆಸಿದೆ. ಜೀತದ ಪುಸ್ತಕದಲ್ಲಿದ್ದ ಆ ಹೆಸರು ಈಗ ನನ್ನ ಕಾರ್ಡಿನ ಮೇಲಿದೆ.

ಅಷ್ಟರಲ್ಲಿ 21,000 ಮೈಲಿಗೆ ಕಾಣ್ತಿದ್ದ ಸೀಟು 25,500 ಆಗಿತ್ತು. ಬಹಳ ಕಂಪನಿಗಳಲ್ಲಿ ಮೈಲಿನ ದರವೂ ಈಗ ತರಕಾರಿ ದರದ ಥರ, ದಿನಕ್ಕೊಂದು. ನಮ್ಮ ಹತ್ತಿರ ಸರಿಯಾಗಿ 26,000. ಎರಡನೇ ಸಲ ಕಳಿಸಿದ್ದು ಎರಡು ದಿನಕ್ಕೆ ಸೇರಿತು. ರಾತ್ರಿ ಹನ್ನೊಂದೂವರೆಗೆ ಹುಡುಗಿ ಫೋನಲ್ಲಿ ಪಾಸ್‌ಪೋರ್ಟ್ ನಂಬರ್ ಹೇಳ್ತಾ, ನಾನು ಒತ್ತುತ್ತಾ ಬುಕ್ ಮಾಡಿದ್ವಿ. ಮೈಲಿನ ಟಿಕೆಟ್ ಅಂದರೆ ಪೂರ್ತಿ ಬಿಟ್ಟಿ ಅಲ್ಲ, ತೆರಿಗೆ, ಸರ್‌ಚಾರ್ಜ್ ರೊಕ್ಕದಲ್ಲೇ ಕಟ್ಟಬೇಕು. 15,500 ರೂಪಾಯಿ ಬಳಗದ ಖಾತೆಯಿಂದ ಹೋಯ್ತು. ಅಂದರೆ ಉಳಿದಿದ್ದು 32,500. ಮಿಕ್ಸಿ ತಗೊಂಡಿದ್ದರೆ 13 ಸಾವಿರ.

ಒಂದು ಎಡವಟ್ಟೂ ಆಯ್ತು. ಸ್ಟೂಡೆಂಟ್ ಟಿಕೆಟ್ ತಗೊಂಡರೆ ಕೆಲವು ಕಡೆ ಲಗೇಜು ಜಾಸ್ತಿ ಕೊಡ್ತಾರೆ. ನಮ್ಮ ಮೈಲಿನ ಟಿಕೆಟಲ್ಲಿ ಒಂದೇ ಬ್ಯಾಗು, 23 ಕೆಜಿ. ಇದನ್ನ ನಾನು ನೋಡಿಕೊಂಡಿರಲಿಲ್ಲ. ಬೆಂಗಳೂರು ಏರ್‌ಪೋರ್ಟಿನ ಎರಡನೇ ಟರ್ಮಿನಲ್ ಮುಂದೆ, ಆ ಬಿದಿರಿನ ಅಲಂಕಾರದ ಕೆಳಗೆ ನೆಲದ ಮೇಲೇ ಬ್ಯಾಗು ಬಿಚ್ಚಿದ್ವಿ. ರಾಗಿಹಿಟ್ಟು ನಾಲ್ಕು ಕೆಜಿ, ಹುರುಳಿಕಾಳು, ಚಟ್ನಿಪುಡಿ, ಒಂದು ಕುಕ್ಕರು, ಕಂಬಳಿ. ಅವಳ ತಾಯಿ ಒಂದೊಂದೇ ತೆಗೆದು ತಮ್ಮ ಸೆರಗಿಗೆ ಕಟ್ಟಿಕೊಂಡರು. ಕುಕ್ಕರನ್ನ ಮಾತ್ರ ಬಿಡಲೊಲ್ಲರು. ಕೊನೆಗೆ ಪುಸ್ತಕ ತೆಗೆದು ಕುಕ್ಕರು ಇಟ್ಟ್ವಿ. ಪುಸ್ತಕ ಅಲ್ಲಿ ಲೈಬ್ರರೀಲಿ ಸಿಗುತ್ತೆ ಅಂತ ಅವಳೇ ಅಂದಳು.

ಇನ್ನೊಂದು ಹೇಳಬೇಕು. ಮೈಲಿನ ಟಿಕೆಟಿನ ರಸೀದೀಲಿ ಬರೋದು ತೆರಿಗೆ ದುಡ್ಡು ಮಾತ್ರ. ಹಾಗಾಗಿ ಸ್ಕಾಲರ್‌ಶಿಪ್ಪಿನವರು ಕೊಟ್ಟರೂ 15,500ಕ್ಕೇ ಕೊಡೋದು. ಒಬ್ಬ ಏಜೆಂಟು 48 ಸಾವಿರದ ಬಿಲ್ ಮಾಡಿಕೊಡ್ತೀನಿ, ಎಲ್ಲರೂ ಮಾಡೋದೇ ಸಾರ್ ಅಂದ. ಬೇಡ ಅಂದ್ವಿ. ಈ ಕೇಸಲ್ಲಿ ಸಿಕ್ಕಿಬಿದ್ದರೆ ಹೋಗೋದು ಹುಡುಗಿ ಹೆಸರು, ನಮ್ಮದಲ್ಲ. ಆ 15,500 ಇನ್ನೂ ಬಂದಿಲ್ಲ. ಬಂದ ದಿನ ಬಳಗದ ಖಾತೆಗೆ ಹಾಕಿ, ಫೋಟೋ ಇಲ್ಲೇ ಹಾಕ್ತೀನಿ.

ಹುಡುಗಿ ತಲುಪಿದ್ದಾಳೆ. ಚಳಿ ಅಂತೆ. ಕುಕ್ಕರಲ್ಲಿ ಮೊದಲ ದಿನ ಅನ್ನ ಸೀದುಹೋಯ್ತಂತೆ.

ಖಜಾಂಚಿ ಅಣ್ಣ ಪುಸ್ತಕದಲ್ಲಿ ಹೊಸದಾಗಿ ಒಂದು ಗೆರೆ ಎಳೆದು 'ಮೈಲು' ಅಂತ ಕಾಲಂ ಮಾಡಿದ್ದಾರೆ. ಜಮೆ: ಬಳಗದ್ದು 14,000. ನನ್ನದು 12,000, ಅದರ ಮುಂದೆ 'ಸಾಲ, ಕೊಡಬೇಕಾದ್ದು' ಅಂತ. ನಾನು ಬೇಡ ಅಂದೆ, ಕೇಳಲಿಲ್ಲ. ಖರ್ಚು: 25,500. ಬಾಕಿ: 500. ಅವ್ವನಿಗೂ ನನಗೂ ಡಿಸೆಂಬರ್ 4ಕ್ಕೆ ರೈಲು ಟಿಕೆಟ್ ಆಗಿದೆ, ಸ್ಲೀಪರ್, ಅವ್ವನಿಗೆ ಲೋಯರ್ ಬರ್ತೇ ಸಿಕ್ಕಿದೆ. ಪುಸ್ತಕ ನೋಡಬೇಕು ಅನ್ನೋರು ಯಾವ ಭಾನುವಾರ ಬೇಕಾದರೂ ಬನ್ನಿ, ಹತ್ತು ಗಂಟೆ ಮೇಲೆ ಅಣ್ಣ ಅಲ್ಲೇ ಕೂತಿರ್ತಾರೆ.