ಕುವೈತಿನಲ್ಲಿ ಇಪ್ಪತ್ತು ದಿನ

ಅಲೀಪುರ, ಗೌರಿಬಿದನೂರು, ಹೆಚ್ಚೆಂದರೆ ಬೆಂಗಳೂರು, ನಲವತ್ತಾರು ವರ್ಷ ಇಷ್ಟೇ ನನ್ನ ಪ್ರಪಂಚವಾಗಿತ್ತು. ಹೋದ ಜನವರಿಯಲ್ಲಿ ಕುವೈತಿನಲ್ಲಿರುವ ಅಣ್ಣ ಟಿಕೆಟ್ ಕಳಿಸಿದ. ಬರೀ ನೋಡುವ ಆಸೆಯಿಂದ ಹೊರಟವಳಲ್ಲ ನಾನು. ನಮ್ಮ ಮನೆಯ ಹರಳು ಪಾಲಿಶ್ ಕಸುಬು ಮಂಕಾಗಿದೆ. ಮಗ “ಮಾವನ ಹತ್ರ ನಾನೂ ಹೋಗ್ತೀನಮ್ಮ” ಅಂತ ಹಟ ಹಿಡಿದು ಕೂತಿದ್ದ. ಕಳಿಸಬಹುದೋ ಬಾರದೋ, ಕಣ್ಣಾರೆ ನೋಡಿ ಬರೋಣವೆಂದುಕೊಂಡೆ.

ಹೊರಡುವವರಿಗೆ ಒಂದು ಮಾತು. ಪಾಯಸಕ್ಕೆಂದು ಗಸಗಸೆ ಕಟ್ಟಿಕೊಂಡು ಹೋಗಬೇಡಿ, ಗಲ್ಫಿನ ಹಲವು ದೇಶಗಳಲ್ಲಿ ಅದು ನಿಷಿದ್ಧ!

ದೇಶ ಪುಟ್ಟದು, ೧೭,೮೧೮ ಚದರ ಕಿಲೋಮೀಟರ್. ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳನ್ನು ಕೂಡಿಸಿದರೆ ಅದಕ್ಕಿಂತ ತುಸು ದೊಡ್ಡದಾದೀತು. ೧೯೩೮ರಲ್ಲಿ ಬುರ್ಗಾನಿನಲ್ಲಿ ಎಣ್ಣೆ ಸಿಕ್ಕಿತು, ೧೯೪೬ರಿಂದ ಹಡಗು ಹತ್ತಿತು. ಅದಕ್ಕೆ ಮುಂಚೆ ಅಲ್ಲಿಯವರು ಸಮುದ್ರಕ್ಕೆ ಧುಮುಕಿ ಮುತ್ತು ತೆಗೆದು ಮುಂಬಯಿಗೆ ತಂದು ಮಾರುತ್ತಿದ್ದರಂತೆ. ಜಪಾನಿನವರು ಮುತ್ತು ಬೆಳೆಸಲು ಕಲಿತ ಮೇಲೆ ಆ ಕಸುಬು ನೆಲ ಕಚ್ಚಿತು. ಇದನ್ನು ಫೋನಿನಲ್ಲಿ ಹೇಳಿದಾಗ ನಮ್ಮ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ೧೯೬೧ರವರೆಗೆ ಅಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. ಈಗ ಒಂದು ದಿನಾರಿಗೆ ೨೫೦ ರೂಪಾಯಿಗೂ ಮೇಲೆ. ಮೊದಮೊದಲು ಕೊತ್ತಂಬರಿ ಕಟ್ಟಿಗೂ ಲೆಕ್ಕ ಹಾಕಿ ಅತ್ತಿಗೆಯ ತಲೆ ತಿಂದುಬಿಟ್ಟೆ.

ಕುವೈತ್ ಟವರ್ಸ್ ನೋಡಲೇಬೇಕು. ಸಮುದ್ರದ ದಡದಲ್ಲಿ ಮೂರು ಗೋಪುರ, ಎತ್ತರದ್ದು ೧೮೭ ಮೀಟರ್. ನೀಲಿ-ಹಸಿರು ಬಿಲ್ಲೆ ಅಂಟಿಸಿದ ದಪ್ಪ ಗೋಳಗಳು. ಅರಮನೆಯೇನೋ ಅಂದುಕೊಂಡರೆ, ಎರಡು ಗೋಪುರಗಳಲ್ಲಿ ತುಂಬಿರೋದು ನೀರು! ಆ ದೇಶದಲ್ಲಿ ನದಿಯೇ ಇಲ್ಲ. ಹಿಂದೆ ಇರಾಕಿನ ನದಿಯಿಂದ ದೋಣಿಯಲ್ಲಿ ಸಿಹಿನೀರು ತರುತ್ತಿದ್ದರು. ಈಗ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಾರೆ. ಬೋರ್‌ವೆಲ್ ಕೊರೆಸಿ ಕೊರೆಸಿ ಸೋತ ಊರಿನವಳು ನಾನು. ಅಣ್ಣನ ಮನೆಯಲ್ಲಿ ನಲ್ಲಿ ತಿರುಗಿಸಿದಾಗಲೆಲ್ಲ ಒಂದು ಗಳಿಗೆ ನೋಡುತ್ತಾ ನಿಲ್ಲುತ್ತಿದ್ದೆ.

ಮುಬಾರಕಿಯಾ ಪೇಟೆಯಲ್ಲಿ ಖರ್ಜೂರದ ಬಗೆಗಳಿಗೆ ಲೆಕ್ಕವಿಲ್ಲ. ಅಲ್ಲಿಯ ಮಚ್ಬೂಸ್ ನಮ್ಮ ಪಲಾವಿನ ಹಾಗೇ, ಖಾರ ಕಡಿಮೆ. ಇಡೀ ಒಣ ನಿಂಬೆಕಾಯಿ ಹಾಕಿ ಬೇಯಿಸುತ್ತಾರೆ. ನಾಲ್ಕು ಒಣ ನಿಂಬೆ ತಂದಿದ್ದೇನೆ, ಸಾರಿಗೂ ಹೊಂದುತ್ತದೆ.

ಇನ್ನು ಅಣ್ಣನ ಕಥೆ. ೧೯೯೦ರ ಆಗಸ್ಟ್ ೨ರಂದು ಇರಾಕಿನ ಸೈನ್ಯ ನುಗ್ಗಿದಾಗ ಅವನಿಗೆ ಇಪ್ಪತ್ತೆರಡು. ಬಾಗ್ದಾದ್ ದಾಟಿ, ಜೋರ್ಡಾನಿನ ಗಡಿಯ ಡೇರೆಯಲ್ಲಿ ಕಾದು, ಅಮ್ಮಾನಿನಿಂದ ವಿಮಾನ ಹತ್ತಿ ಮುಂಬಯಿಗೆ ಬಂದ. ಹಾಗೆ ಬಂದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು. ಮನೆ ಬಾಗಿಲಿಗೆ ಬಂದಾಗ ಅವನ ಕೈಲಿದ್ದುದು ಒಂದು ಪ್ಲಾಸ್ಟಿಕ್ ಚೀಲ, ಒಂದು ಜೊತೆ ಬಟ್ಟೆ. ಅಮ್ಮ ಅಳಲೂ ಇಲ್ಲ, ನೀರು ಕಾಯಿಸಲು ಹೋದಳು. ಮೂರು ವರ್ಷದ ಮೇಲೆ ಅವನೇ ಮತ್ತೆ ಹೊರಟುಹೋದ.

ಒಂದು ಸಂಜೆ ಮಂಗಾಫ್ ಕಡೆ ಕರೆದುಕೊಂಡು ಹೋದ. ೨೦೨೪ರ ಜೂನ್ ೧೨ರಂದು ಅಲ್ಲಿ ಕೂಲಿಗಾರರ ಕಟ್ಟಡಕ್ಕೆ ಬೆಂಕಿ ಬಿದ್ದು ನಮ್ಮ ದೇಶದವರೇ ನಲವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಬೇಸಿಗೆಯಲ್ಲಿ ಅಲ್ಲಿ ಐವತ್ತು ಡಿಗ್ರಿ ದಾಟುವುದುಂಟು. ಜೂನಿನಿಂದ ಆಗಸ್ಟ್‌ವರೆಗೆ ಹನ್ನೊಂದರಿಂದ ನಾಲ್ಕರವರೆಗೆ ಬಯಲಿನಲ್ಲಿ ದುಡಿಸಬಾರದೆಂದು ಕಾನೂನೇ ಇದೆ.

“ಹುಡುಗನ್ನ ಕಳಿಸಲೇನಣ್ಣ?” ಎಂದು ಕೇಳಿದೆ.

“ಕೆಲಸ ಕಲಿತು ಬರಲಿ. ಏನೂ ಕಲೀದೆ ಬಂದೋನಿಗೆ ಇಲ್ಲಿ ಸಿಗೋದು ಬಿಸಿಲೇ” ಎಂದ.

ಹುಡುಗ ಈಗ ದಿನಾ ಬಸ್ಸಿನಲ್ಲಿ ಗೌರಿಬಿದನೂರಿಗೆ ವೈರಿಂಗ್ ಕಲಿಯಲು ಹೋಗಿ ಬರುತ್ತಿದ್ದಾನೆ. ಪಾಸ್‌ಪೋರ್ಟಿಗೆ ಅರ್ಜಿ ಯಾವಾಗಮ್ಮ ಅಂತ ವಾರಕ್ಕೊಮ್ಮೆ ಕೇಳುತ್ತಾನೆ. ಪರೀಕ್ಷೆ ಮುಗಿಯಲಿ ಅಂದಿದ್ದೇನೆ.